ಕೇಳುವ ಕಿವಿ, ಕೂಡುವ ಕಟ್ಟೆ

ವಿಜಯಪುರದ ಸ್ಟೇಷನ್ ರಸ್ತೆಗೆ ಬೆಳಗು ಬೇಗ ಆಗುತ್ತದೆ. ತಲೆಗೆ ರುಮಾಲು ಸುತ್ತಿದವರು, ಕ್ಯಾನ್ವಾಸ್ ಬೂಟು ಹಾಕಿದವರು ಗೋಳಗುಮ್ಮಟದ ಕಡೆ ಬಿರುಸಾಗಿ ನಡೆಯುತ್ತಾರೆ. ಮರಳುವಾಗ ಚಹಾದಂಗಡಿ ಮುಂದೆ ಅರ್ಧ ತಾಸು ಮಾತು. ಆ ಗುಂಪಿನಲ್ಲಿ ನಮ್ಮ ಕಾಕಾನೂ ಇದ್ದರು. ಒಂದು ದಿನ ಹೋಗುವುದನ್ನೇ ಬಿಟ್ಟರು. ಏನು ಕೇಳಿದರೂ ‘ಹೂಂ’ ಅನ್ನುವುದು, ಇಲ್ಲವೇ ಎತ್ತೆತ್ತಲೋ ಉತ್ತರ. ‘ಅರವತ್ತಕ್ಕ ಅರಳು ಮರಳು, ಇವರಿಗಂತೂ ಎಪ್ಪತ್ತು ದಾಟ್ಯಾವು’ ಎಂದು ನಾವೇ ತೀರ್ಮಾನಿಸಿದೆವು. ಡಾಕ್ಟರು ನೋಡಿದಾಗ ತಿಳಿದದ್ದೇ ಬೇರೆ. ಮಂದವಾಗಿದ್ದು ಬುದ್ಧಿಯಲ್ಲ, ಕಿವಿ. ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವುದಕ್ಕಿಂತ ಮನೆಯಲ್ಲಿರುವುದೇ ಲೇಸೆಂದು ಅವರು ಸುಮ್ಮನಾಗಿದ್ದರು.

ಆ ಮೌನ ಹಾಗೇ ಬೆಳೆದರೆ ಅಪಾಯ. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿ, ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಹೆಸರಿಸಿದೆ. ಅವನ್ನೆಲ್ಲ ನಿವಾರಿಸಿದರೆ ಜಗತ್ತಿನ ಸುಮಾರು ಶೇ 45ರಷ್ಟು ಮರೆಗುಳಿತನವನ್ನು ತಡೆಯಬಹುದು, ಇಲ್ಲವೇ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಧೂಮಪಾನ, ತಲೆಗೆ ಬಿದ್ದ ಪೆಟ್ಟು, ಖಿನ್ನತೆ, ಒಂಟಿತನ ಆ ಪಟ್ಟಿಯಲ್ಲಿವೆ. ಶ್ರವಣದೋಷಕ್ಕೆ ಅಲ್ಲಿ ದೊಡ್ಡ ಪಾಲು. ಕಿವಿ ಕಳಿಸದ ಮಾತನ್ನು ಊಹಿಸುವುದರಲ್ಲೇ ಮೆದುಳು ದಣಿಯುತ್ತದೆ. ಮಾತು ಕಡಿಮೆಯಾದಂತೆ ಅದಕ್ಕೆ ಕೆಲಸವೂ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶ್ರವಣಯಂತ್ರದ ಫಲ ಎಲ್ಲರಲ್ಲೂ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ವೃದ್ಧರಲ್ಲಿ ಬುದ್ಧಿಶಕ್ತಿಯ ಕುಸಿತ ಮೂರು ವರ್ಷಗಳಲ್ಲಿ ಶೇ 48ರಷ್ಟು ನಿಧಾನವಾಗಿತ್ತು.

ಗೋಳಗುಮ್ಮಟದ ಗ್ಯಾಲರಿಯಲ್ಲಿ ಈ ಬದಿ ಪಿಸುಗುಟ್ಟಿದ್ದು ಆ ಬದಿಯ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಇಂಥ ಊರಿನವರು ಮನೆಯ ಹಿರಿಯರಿಗೆ ಕೇಳುತ್ತಿದೆಯೇ ಎಂದು ವಿಚಾರಿಸದಿದ್ದರೆ ಹೇಗೆ?

ಮೆದುಳಿನ ಆರೈಕೆಗೆ ಹೊಸ ದಿನಚರಿ ಬೇಕಿಲ್ಲ, ಇರುವುದಕ್ಕೇ ಒಂದೊಂದನ್ನು ಜೋಡಿಸಿದರೆ ಸಾಕು. ಕಾಕಾನ ಬಿಪಿ ಗುಳಿಗೆ ಈಗ ಚಹಾಪುಡಿ ಡಬ್ಬಿಯ ಪಕ್ಕದಲ್ಲಿದೆ. ಚಹಾ ಮರೆಯುವುದಿಲ್ಲ, ಗುಳಿಗೆಯೂ ಮರೆಯುವುದಿಲ್ಲ. ಹೊಸದಾಗಿ ಬಂದ ಶ್ರವಣಯಂತ್ರ ಕನ್ನಡಕದ ಡಬ್ಬಿಯೊಳಗೆ; ಕನ್ನಡಕ ತೆಗೆದರೆ ಅದೂ ಕೈಗೆ ಬರುತ್ತದೆ. ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ಮೊದಲಿಂದಲೂ ಇವೆ. ಉಪ್ಪಿನಕಾಯಿ, ಹಪ್ಪಳವಷ್ಟೇ ಕಡಿಮೆಯಾಗಿವೆ. ಮೊಮ್ಮಗ ಗಾಡಿಯ ಕೀಲಿ ತೆಗೆದುಕೊಳ್ಳುವ ಮೊಳೆಗೇ ಹೆಲ್ಮೆಟ್ಟೂ ತೂಗುತ್ತದೆ. ತಲೆ ಕಾಯುವ ಕೆಲಸ ಎಳೆಯ ವಯಸ್ಸಿನಲ್ಲೇ ಆರಂಭವಾಗಬೇಕು.

ಕೇಳುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ನಮ್ಮನ್ನಗಲಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಆ ಪ್ರವಚನಕ್ಕೆ ಜನ ನಸುಕಿನಲ್ಲೇ ಎದ್ದು ಹೋಗುತ್ತಿದ್ದರು. ಕೂಡಿ ಕುಳಿತು ಕೇಳುವುದು, ಮನೆಗೆ ಬಂದು ನೆನೆದು ಹೇಳುವುದು: ಮೆದುಳಿಗೆ ಇದಕ್ಕಿಂತ ಸೊಗಸಾದ ಸಾಧನೆ ಯಾವುದು?

ಮರೆವು ದಿನದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ, ಗುರುತಿನ ದಾರಿಯೇ ತಪ್ಪುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಕೂಡಬಾರದು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಮರೆಗುಳಿತನದಂಥ ಕಾಯಿಲೆಗಳ ಚಿಕಿತ್ಸೆಯನ್ನು ಜಿಲ್ಲಾ ಆಸ್ಪತ್ರೆಗಳ ತನಕ ತರಲೆಂದೇ ಹುಟ್ಟಿದ್ದು. ಮೊದಲು ಅಲ್ಲಿ ವಿಚಾರಿಸಿ.

ಕಾಕಾ ಮತ್ತೆ ಸ್ಟೇಷನ್ ರಸ್ತೆಗೆ ಹೋಗುತ್ತಿದ್ದಾರೆ. ಮರಳಿದ ಕೂಡಲೇ ಕಾಕು ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ: ‘ಇವತ್ತ ಏನ್ ಮಾತಾತ್ರೀ ಅಲ್ಲಿ?’ ಕಾಕಾ ನೆನೆದು ನೆನೆದು ಹೇಳುತ್ತಾರೆ. ಒಂದೆರಡು ಹೆಸರು ತಪ್ಪುತ್ತವೆ. ಕಾಕು ತಿದ್ದುತ್ತಾರೆ. ಹಂಚಿನ ಮೇಲೆ ರೊಟ್ಟಿ ಉಬ್ಬುವಷ್ಟರಲ್ಲಿ ಇಬ್ಬರ ಮೆದುಳಿಗೂ ಅಂದಿನ ಕಸರತ್ತು ಆಗಿರುತ್ತದೆ.