ವಾಪಸ್ ಬಂದ ಮೇಲ್ ಮತ್ತು ಬ್ಲ್ಯಾಕ್‌ಲಿಸ್ಟ್ ಎಂಬ ಗುಮ್ಮ

ಸ್ವಂತ ಮೇಲ್ ಸರ್ವರ್ ನಡೆಸುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಜಿಮೇಲ್ ನಮ್ಮ ಮೇಲ್ ತಿರಸ್ಕರಿಸಿತೆಂದರೆ ನಮ್ಮ ಐಪಿ ಬ್ಲ್ಯಾಕ್‌ಲಿಸ್ಟ್ ಸೇರಿತು. ಸಣ್ಣವರನ್ನು ದೊಡ್ಡ ಕಂಪನಿಗಳು ಬೇಕಂತಲೇ ಹೊರಗಿಡುತ್ತಿವೆ ಎನ್ನುವವರೂ ಇದ್ದಾರೆ. ಆ ದೂರಿನಲ್ಲಿ ಹುರುಳೇ ಇಲ್ಲವೆಂದಲ್ಲ, ಹೊಸ ಐಪಿಯನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಆದರೆ ತಿರಸ್ಕರಿಸಿದ ಸರ್ವರ್ ಸಾಮಾನ್ಯವಾಗಿ ಕಾರಣವನ್ನೂ ತಿಳಿಸಿರುತ್ತದೆ, ಅದು ನಿಮ್ಮ ಲಾಗ್‌ನಲ್ಲೇ ಇರುತ್ತದೆ.

ಆ ಸಾಲಿನ ಸಂಖ್ಯೆ ನೋಡಿ. 4ರಿಂದ ಶುರುವಾದರೆ ‘ಆಮೇಲೆ ಬಾ’ ಎಂದಷ್ಟೇ ಅರ್ಥ. ಗ್ರೇಲಿಸ್ಟಿಂಗ್ ಮಾಡುವ ಸರ್ವರ್‌ಗಳು ಗುರುತಿಲ್ಲದವರನ್ನು ಮೊದಲ ಸಲ ಹೀಗೇ ಸಾಗಹಾಕುತ್ತವೆ. ಪೋಸ್ಟ್‌ಫಿಕ್ಸ್ ಅಂಥ ಮೇಲನ್ನು ಕ್ಯೂನಲ್ಲಿಟ್ಟುಕೊಂಡು, ನೀವು ಸೆಟ್ಟಿಂಗ್ ಬದಲಿಸಿರದಿದ್ದರೆ, 5 ದಿನ ತಾನೇ ಪ್ರಯತ್ನಿಸುತ್ತಿರುತ್ತದೆ. ನಿಜವಾದ ನಿರಾಕರಣೆ 5ರಿಂದ ಶುರುವಾಗುವುದು. ಉತ್ತರವೇ ಬಾರದೆ ಎಲ್ಲ ಕಡೆಗೂ ಟೈಮ್‌ಔಟ್ ಆಗುತ್ತಿದ್ದರೆ ಹೋಸ್ಟಿಂಗ್ ಕಂಪನಿಯೇ 25ನೇ ಪೋರ್ಟ್ ಮುಚ್ಚಿರಬಹುದು. ‘587ಕ್ಕೆ ಬದಲಿಸಿ’ ಎಂಬ ಜನಪ್ರಿಯ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಅದು ಬಳಕೆದಾರ ತನ್ನ ಸರ್ವರ್‌ಗೆ ಮೇಲ್ ಒಪ್ಪಿಸುವ ಪೋರ್ಟ್. ಬೇರೆಯವರ ಸರ್ವರ್ ನಿಮ್ಮಿಂದ ಮೇಲ್ ಪಡೆಯುವುದು 25ರಲ್ಲೇ.

ಡೊಮೇನ್ ನಮ್ಮದಾದರೆ ಡಿಎನ್‌ಎಸ್ ಪೂರ್ತಿ ನಮ್ಮ ಕೈಯಲ್ಲಿ ಎಂಬುದು ಇನ್ನೊಂದು ತಪ್ಪು ಲೆಕ್ಕ. ಐಪಿಯಿಂದ ಹೆಸರು ಹೇಳುವ ಪಿಟಿಆರ್ ರೆಕಾರ್ಡ್ ಐಪಿಯ ಒಡೆಯರ ಕೈಯಲ್ಲಿರುತ್ತದೆ. ಡೊಮೇನ್ ಕೊಂಡ ಕಡೆ ಎಷ್ಟು ಹುಡುಕಿದರೂ ಸಿಗದು, ವಿಪಿಎಸ್ ಕೊಟ್ಟವರ ಪ್ಯಾನೆಲ್‌ನಲ್ಲೇ ಹಾಕಬೇಕು. ಆ ಹೆಸರನ್ನು ಹುಡುಕಿದಾಗ ಮತ್ತೆ ಅದೇ ಐಪಿ ಬರಬೇಕು.

ಇದನ್ನೆಲ್ಲ ಸರಿಯಾಗಿ ಮಾಡಿದವರೂ ಎಡವುವ ಜಾಗ ಐಪಿವಿ6. ಅವರು ಪಿಟಿಆರ್ ಹಾಕಿಸಿರುವುದು ಐಪಿವಿ4ಕ್ಕೆ ಮಾತ್ರ. ಜಿಮೇಲ್‌ಗೆ ಐಪಿವಿ6 ವಿಳಾಸವೂ ಇರುವುದರಿಂದ ಪೋಸ್ಟ್‌ಫಿಕ್ಸ್ ಆ ದಾರಿ ಹಿಡಿಯಿತೆಂದರೆ 550 5.7.1 ಹೊತ್ತು ಮೇಲ್ ಹಿಂದಿರುಗುತ್ತದೆ. ಐಪಿವಿ6 ಇಲ್ಲದ ಕಚೇರಿ ಸರ್ವರ್‌ಗಳಿಗೆ ಮಾತ್ರ ಸಲೀಸಾಗಿ ತಲುಪುತ್ತಿರುತ್ತದೆ. ‘ಗೂಗಲ್‌ಗೇ ನಮ್ಮ ಮೇಲೆ ಹಗೆ’ ಎಂಬ ಅನುಮಾನ ಹುಟ್ಟುವುದೂ ಇಂಥ ಕಡೆಯೇ. ಲಾಗ್‌ನ ಅದೇ ಸಾಲಿನಲ್ಲಿ ಚದರ ಆವರಣದೊಳಗೆ ಕೋಲನ್‌ಗಳಿರುವ ಉದ್ದ ವಿಳಾಸ ಕಂಡರೆ ಕಾರಣ ಇದೇ ಇರಬಹುದು. ಐಪಿವಿ6ಕ್ಕೂ ಪಿಟಿಆರ್ ಹಾಕಿಸಿ, ಎಸ್‌ಪಿಎಫ್‌ನಲ್ಲಿ ಆ ವಿಳಾಸ ಸೇರಿಸಿ. ಇಲ್ಲವೇ ಪೋಸ್ಟ್‌ಫಿಕ್ಸ್‌ಗೆ ಐಪಿವಿ4 ಮಾತ್ರ ಬಳಸಲು ಹೇಳಿ.

ಎಸ್‌ಪಿಎಫ್ ಒಂದಿದ್ದರೆ ಸಾಕು ಎನ್ನುವವರು ಫಾರ್ವರ್ಡಿಂಗ್ ಮರೆತಿರುತ್ತಾರೆ. ನಿಮ್ಮ ಪತ್ರವನ್ನು ಇನ್ನೊಂದು ಸರ್ವರ್ ಮುಂದಕ್ಕೆ ಕಳಿಸಿದಾಗ ಐಪಿ ಬದಲಾಗಿ ಎಸ್‌ಪಿಎಫ್ ಸಾಮಾನ್ಯವಾಗಿ ಸೋಲುತ್ತದೆ. ನಡುವೆ ಯಾರೂ ಪತ್ರ ತಿದ್ದದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ, ಎರಡೂ ಇರಲಿ. ಗೂಗಲ್ 2024ರ ಫೆಬ್ರವರಿಯಿಂದ ತಂದ ನಿಯಮಗಳು ದಿನಕ್ಕೆ 5,000 ಮೇಲ್ ಕಳಿಸುವವರಿಗೆ ಮಾತ್ರ ಎಂಬುದೂ ಅರೆಸತ್ಯ. ಡಿಮಾರ್ಕ್ ಕಡ್ಡಾಯವಾದದ್ದು ಅವರಿಗೆ. ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಪಿಟಿಆರ್, ಟಿಎಲ್‌ಎಸ್ ಇವು ದಿನಕ್ಕೆ ನಾಲ್ಕು ಮೇಲ್ ಕಳಿಸುವವರಿಗೂ ಬೇಕು.

ಇನ್ನು ಬ್ಲ್ಯಾಕ್‌ಲಿಸ್ಟ್. ಸ್ಪ್ಯಾಮ್‌ಹೌಸ್‌ನ ಪಿಬಿಎಲ್‌ನಲ್ಲಿ ನಿಮ್ಮ ಐಪಿ ಕಂಡರೆ ನೀವು ಸ್ಪ್ಯಾಮ್ ಕಳಿಸಿದಿರಿ ಎಂದಲ್ಲ. ನೇರವಾಗಿ ಮೇಲ್ ಕಳಿಸಬಾರದ ಮನೆ-ಬ್ರಾಡ್‌ಬ್ಯಾಂಡ್‌ನಂಥ ಐಪಿಗಳ ಪಟ್ಟಿ ಅದು. ಐಪಿ ಸ್ಥಿರವಾಗಿದ್ದರೆ ತೆಗೆಸಲು ಅರ್ಜಿ ಹಾಕಬಹುದು. ರೂಟರ್ ಆಫ್ ಮಾಡಿ ಆನ್ ಮಾಡಿದಾಗೆಲ್ಲ ಬದಲಾಗುವ ಐಪಿಯಾದರೆ ಆ ಗೋಜಿಗೇ ಹೋಗದೆ ಯಾವುದಾದರೂ ರಿಲೇ ಸೇವೆಯ ಮೂಲಕ ಕಳಿಸಿ. ಆಗ ಮಾತ್ರ 587 ನಿಮ್ಮ ಸರ್ವರ್‌ಗೂ ಉಪಯೋಗಕ್ಕೆ ಬರುತ್ತದೆ.