ಹೋದ ಜನ್ಮದ ನೆನಪು: ಪುರಾವೆ ಎಷ್ಟು, ಸಂಶಯ ಎಷ್ಟು?

ಸತ್ತವರು ಮತ್ತೆ ಹುಟ್ಟಿ ಬರುತ್ತಾರೆಂಬ ನಂಬಿಕೆ ನಮ್ಮ ನಾಡಿಗೆ ಹೊಸತಲ್ಲ. ‘ಯಾವ ಜನ್ಮದ ಋಣವೋ’ ಎಂಬ ಮಾತು ನಾಸ್ತಿಕರ ಬಾಯಲ್ಲೂ ಬರುವುದುಂಟು. ಆದರೆ ಪುನರ್ಜನ್ಮವನ್ನು ನಂಬುವುದು ಬೇರೆ, ಇಂಥ ಮಗು ಇಂಥವರ ಮರುಹುಟ್ಟು ಎಂದು ಸಾಧಿಸುವುದು ಬೇರೆ. ಮೊದಲನೆಯದಕ್ಕೆ ಶ್ರದ್ಧೆ ಸಾಕು. ಎರಡನೆಯದಕ್ಕೆ ಸಾಕ್ಷ್ಯ ಬೇಕು.

ಶಾಂತಿದೇವಿ ಪ್ರಕರಣ

ದೆಹಲಿಯಲ್ಲಿ 1926ರಲ್ಲಿ ಜನಿಸಿದ ಶಾಂತಿದೇವಿ, ತನ್ನ ಮನೆ ಮಥುರೆಯಲ್ಲಿದೆ, ಹೆರಿಗೆಯ ಬಳಿಕ ತಾನು ತೀರಿಕೊಂಡೆ ಎಂದು ಬಾಲ್ಯದಲ್ಲಿ ಹೇಳತೊಡಗಿದಳು. ಮಥುರೆಯಲ್ಲಿ ಲುಗ್ಡಿ ಎಂಬ ಬಾಣಂತಿ 1925ರಲ್ಲಿ ಮೃತಪಟ್ಟಿದ್ದು ತಿಳಿದುಬಂತು. 1935ರ ನವೆಂಬರಿನಲ್ಲಿ ಗಣ್ಯರ ಸಮಿತಿಯೊಂದು ಬಾಲಕಿಯನ್ನು ಮಥುರೆಗೆ ಕರೆದೊಯ್ದಿತು. ಆಕೆ ಮನೆಯನ್ನೂ ಬಂಧುಗಳನ್ನೂ ಗುರುತಿಸಿದಳೆಂದು 1936ರ ವರದಿ ಹೇಳಿತು. ಅದೇ ಕಾಲದಲ್ಲಿ ವಿಚಾರಣೆ ನಡೆಸಿದ ಬಾಲ್‌ಚಂದ್ ನಾಹಟಾ ಮಾತ್ರ ಇದನ್ನು ಪುನರ್ಜನ್ಮವೆನ್ನಲು ಆಧಾರ ಸಾಲದೆಂದರು. ಲುಗ್ಡಿಯ ಪತಿ ಸಮಿತಿಯ ಪ್ರಯಾಣಕ್ಕೆ ಮೊದಲೇ ದೆಹಲಿಗೆ ಬಂದು ಬಾಲಕಿಯನ್ನು ಕಂಡಿದ್ದರು. ಈ ಪ್ರಕರಣದ ದುರ್ಬಲ ಕೊಂಡಿ ಇದೇ.

ಸ್ಟೀವನ್‌ಸನ್ ಸಂಶೋಧನೆ

ಇಂಥ ಪ್ರಕರಣಗಳನ್ನು ಶಿಸ್ತಿನಿಂದ ಸಂಗ್ರಹಿಸಿದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ (1918-2007). 1961ರಲ್ಲಿ ಭಾರತಕ್ಕೆ ಬಂದ ಅವರು ಮುಂದೆ ಹಲವು ದೇಶಗಳಿಂದ 2,500ಕ್ಕೂ ಹೆಚ್ಚು ಪ್ರಕರಣಗಳನ್ನು ಕಲೆಹಾಕಿದರು. ಮಕ್ಕಳು ಎರಡರಿಂದ ನಾಲ್ಕನೆಯ ವಯಸ್ಸಿನಲ್ಲಿ ಮಾತು ಆರಂಭಿಸಿ, ಏಳೆಂಟು ವರ್ಷವಾಗುವಷ್ಟರಲ್ಲಿ ಮರೆಯುತ್ತಾರೆ ಎಂಬುದು ಅವರು ಕಂಡ ಸಾಮಾನ್ಯ ಲಕ್ಷಣ. ಆದರೂ ಅವರು ‘ಪುರಾವೆ’ ಎನ್ನಲಿಲ್ಲ. 1966ರ ಗ್ರಂಥದ ಶೀರ್ಷಿಕೆಯಲ್ಲೇ, ಪುನರ್ಜನ್ಮವನ್ನು ‘ಸೂಚಿಸುವ’ ಪ್ರಕರಣಗಳು ಎಂದಷ್ಟೇ ಕರೆದರು.

ಬರೆದಿಟ್ಟದ್ದು ಯಾವಾಗ?

ವಿಮರ್ಶಕರ ಮುಖ್ಯ ಪ್ರಶ್ನೆ ಒಂದೇ: ಮಗುವಿನ ಮಾತನ್ನು ಬರೆದಿಟ್ಟದ್ದು ಎರಡು ಕುಟುಂಬಗಳು ಭೇಟಿಯಾಗುವ ಮೊದಲೋ, ಅನಂತರವೋ? ಭೇಟಿಯ ಬಳಿಕ ಕೇಳಿದ್ದು, ಹೇಳಿದ್ದು, ಊಹಿಸಿದ್ದು ಒಂದರೊಳಗೊಂದು ಬೆರೆತುಹೋಗುತ್ತವೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ. ನೆನಪು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಸ್ಟೀವನ್‌ಸನ್ ಸಂಗ್ರಹದಲ್ಲಿ ಮೊದಲೇ ಬರೆದಿಟ್ಟ ಪ್ರಕರಣಗಳು ಬೆರಳೆಣಿಕೆಯಷ್ಟು. 1998ರಲ್ಲಿ ಅವರೂ ಸಹೋದ್ಯೋಗಿ ಸ್ಖೌಟನ್ ಅವರೂ ಭಾರತ ಮತ್ತು ಶ್ರೀಲಂಕಾದ ಇಂಥ 21 ಪ್ರಕರಣಗಳನ್ನು, ಅನಂತರ ದಾಖಲಾದ 82 ಪ್ರಕರಣಗಳೊಡನೆ ಹೋಲಿಸಿದರು. ಎರಡರಲ್ಲೂ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಹೇಳಿಕೆಗಳು ಸರಿಯಿದ್ದವು. ಇದು ಸುಲಭವಾಗಿ ತಳ್ಳಿಹಾಕುವ ಫಲಿತಾಂಶವಲ್ಲ. ಆದರೆ 21 ಎಂಬುದು ಸಣ್ಣ ಸಂಖ್ಯೆ.

ದಕ್ಷಿಣದಲ್ಲೇಕೆ ವಿರಳ?

ಈ ಸಂಶೋಧನೆಗೆ ಬೆಂಗಳೂರಿನ ನಂಟೂ ಇದೆ. ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರಿಚಾ, ಆಗ್ರಾ ಜಿಲ್ಲೆಯ ಫತೇಹಾಬಾದ್ ಭಾಗದ ಹಳ್ಳಿಗಳ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು ಇಬ್ಬರು ಹೋದ ಜನ್ಮದ ಮಾತಾಡಿದ್ದನ್ನು ಗುರುತಿಸಿದರು. ದಕ್ಷಿಣ ಭಾರತದಲ್ಲಿ ಇಂಥ ವರದಿಗಳು ಏಕೆ ಇಷ್ಟು ಕಡಿಮೆ ಎಂಬುದನ್ನೇ ವಿಷಯವಾಗಿಸಿ 2001ರಲ್ಲಿ ಅವರು ಲೇಖನ ಪ್ರಕಟಿಸಿದರು. ಕರ್ಮ, ಪುನರ್ಜನ್ಮಗಳ ನಂಬಿಕೆ ಎರಡೂ ಕಡೆ ಇದೆ. ನೆನಪುಗಳು ಮಾತ್ರ ಸಮನಾಗಿ ಹಂಚಿಕೆಯಾಗಿಲ್ಲ. ಮಗುವಿನ ತೊದಲು ಮಾತಿಗೆ ಸುತ್ತಲಿನ ಸಂಸ್ಕೃತಿಯೇ ರೂಪ ಕೊಡುತ್ತದೆಂಬ ವಾದಕ್ಕೆ ಇದು ಬಲ ನೀಡುತ್ತದೆ. ಮದ್ರಾಸಿನ ತತ್ತ್ವಶಾಸ್ತ್ರಜ್ಞ ಸಿ.ಟಿ.ಕೆ. ಚಾರಿ ಅವರ ಆಕ್ಷೇಪವೂ ಇದೇ ಬಗೆಯದು.

ಸಂಮೋಹನದ ಮಾತು

ಸಂಮೋಹನದ ಮೂಲಕ ಹಿಂದಿನ ಜನ್ಮ ತೋರಿಸುವವರ ಕಥೆ ಇನ್ನೂ ದುರ್ಬಲ. ಕೆನಡಾದ ಮನೋವಿಜ್ಞಾನಿ ನಿಕೋಲಸ್ ಸ್ಪಾನೋಸ್ ತಂಡದ ಪ್ರಯೋಗಗಳಲ್ಲಿ, ಸಂಮೋಹಕರು ಮೊದಲೇ ಕೊಟ್ಟ ಸೂಚನೆಗೆ ತಕ್ಕಂತೆ ‘ಹಿಂದಿನ ಜನ್ಮ’ ರೂಪುಗೊಂಡಿತು. ಸ್ವತಃ ಸ್ಟೀವನ್‌ಸನ್ ಅವರೇ ಈ ವಿಧಾನವನ್ನು ನೆಚ್ಚಲಿಲ್ಲ.

ಇದೆಲ್ಲ ವಿದ್ವಾಂಸರ ಜಗಳವಷ್ಟೇ ಅಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ‘ಇವನೇ ನಿನ್ನ ಮಗ’ ಎಂದು ಪರರ ಕೂಸನ್ನು ತೋರಿಸಿದರೆ, ಆಕೆಯ ದುಃಖಕ್ಕೂ ಆ ಕೂಸಿನ ಬಾಲ್ಯಕ್ಕೂ ಹೊಣೆ ಯಾರು? ಮನೆಯ ಮಗು ಇಂಥ ಮಾತಾಡಿದರೆ ಗದರುವುದೂ ಬೇಡ, ಮೆರವಣಿಗೆಯೂ ಬೇಡ. ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಬಾಯಿಗೆ ಮಾತು ತುರುಕಬೇಡಿ. ನಂಬುವವರಿಗೂ ಸಂಶಯಿಸುವವರಿಗೂ ಕೊನೆಗೆ ಉಪಯೋಗಕ್ಕೆ ಬರುವುದು ಆ ಒಂದು ಹಾಳೆಯೇ.