ಗುರುಪೀಠದ ಮುಂದಣ ಗೆರೆ

ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದ ಪಂಚಮಹಾಪಾತಕಗಳಲ್ಲಿ ಗುರುತಲ್ಪಗಮನವೂ ಒಂದು. ಬ್ರಹ್ಮಹತ್ಯೆ, ಸುರಾಪಾನಗಳ ಸಾಲಿನಲ್ಲಿ ಅದನ್ನು ನಿಲ್ಲಿಸಿ ಅವರು ವಿಧಿಸಿರುವ ಪ್ರಾಯಶ್ಚಿತ್ತವನ್ನು ಓದಿದರೆ ಇಂದಿಗೂ ಮೈ ನಡುಗುತ್ತದೆ. ಗುರುವಿನ ಶಯ್ಯೆಯನ್ನು ಮಲಿನಗೊಳಿಸಿದ ಶಿಷ್ಯನಿಗೆ ಸಾವೇ ಶುದ್ಧಿ. ಪುರಾಣಗಳೂ ಇದೇ ಜಾಡಿನಲ್ಲಿ ನಡೆದಿವೆ. ಬೃಹಸ್ಪತಿಯ ಪತ್ನಿ ತಾರೆಯನ್ನು ಕೊಂಡೊಯ್ದ ಚಂದ್ರನ ಅಪಕೀರ್ತಿ ಇನ್ನೂ ಅಳಿದಿಲ್ಲ. ದೇವಯಾನಿ ತಾನಾಗಿಯೇ ಒಲಿದು ಬಂದಾಗಲೂ ಕಚನು ಗುರುಪುತ್ರಿ ತನಗೆ ಸೋದರಿಯ ಸಮಾನಳೆಂದು ಹಿಂದೆ ಸರಿದ. ಅವಳ ಶಾಪವನ್ನು ತಲೆಯ ಮೇಲೆ ಹೊತ್ತುಕೊಂಡೇ ದೇವಲೋಕಕ್ಕೆ ಮರಳಿದ.

ಈ ಕಥೆಗಳಲ್ಲೆಲ್ಲ ಗೆರೆಯನ್ನು ಎಳೆದಿರುವುದು ಶಿಷ್ಯನ ಕಾಲ ಮುಂದೆ. ದಾಟಬಾರದವನು ಅವನು, ದಾಟಿದರೆ ಬೇಯುವವನೂ ಅವನೇ. ಗುರುವೇ ದಾಟಿದರೆ ಏನು ಗತಿ ಎಂಬ ಪ್ರಶ್ನೆಯನ್ನು ಹಿಂದಿನವರು ವಿಸ್ತರಿಸಿ ಕೇಳಿದಂತೆ ತೋರುವುದಿಲ್ಲ. ಕೇಳಲೇ ಇಲ್ಲವೆಂದೇನೂ ಅಲ್ಲ. ಅಂಬೆಯ ನಿಮಿತ್ತವಾಗಿ ಪರಶುರಾಮರು ಯುದ್ಧಕ್ಕೆ ಕರೆದಾಗ, ದಾರಿ ತಪ್ಪಿದ ಗುರುವನ್ನು ಬಿಡುವುದು ಧರ್ಮಕ್ಕೆ ವಿರೋಧವಲ್ಲವೆಂದು ಭೀಷ್ಮ ತನ್ನ ಗುರುವಿನ ಮುಖಕ್ಕೇ ಹೇಳಿ ಬಿಲ್ಲನ್ನು ಹಿಡಿದ. ತೈತ್ತಿರೀಯೋಪನಿಷತ್ತಿನ ಆಚಾರ್ಯನಂತೂ, ತನ್ನನ್ನು ದೇವರಂತೆ ಕಾಣೆಂದು ಶಿಷ್ಯನಿಗೆ ಬೋಧಿಸಿದ ಉಸಿರಿನಲ್ಲಿಯೇ, ತಮ್ಮ ನಡತೆಯಲ್ಲಿ ಒಳ್ಳೆಯದೆಷ್ಟೋ ಅಷ್ಟನ್ನೇ ಅನುಸರಿಸು ಎಂದು ಎಚ್ಚರಿಸುತ್ತಾನೆ. ನಾವು ಮೊದಲನೆಯ ಮಾತನ್ನು ಶಾಲೆಯ ಗೋಡೆಗಳ ಮೇಲೆಲ್ಲ ಬರೆಸಿದೆವು. ಎರಡನೆಯದನ್ನು ಬರೆಸಿದ ಶಾಲೆಯೊಂದನ್ನೂ ನಾನು ಕಂಡಿಲ್ಲ.

ಗುರುಕುಲದಲ್ಲಿ ಓದುತ್ತಿದ್ದವರು ಗಂಡುಮಕ್ಕಳು. ಹೆಣ್ಣೆಂದರೆ ಗುರುಪತ್ನಿ, ಇಲ್ಲವೆ ಗುರುಪುತ್ರಿ. ಆದ್ದರಿಂದ ಶಾಸ್ತ್ರದ ಕಣ್ಣು ಶಿಷ್ಯನ ಮೇಲೆಯೇ ನೆಟ್ಟದ್ದು ಸಹಜವಿರಬಹುದು. ಆದರೆ 1848ರಲ್ಲಿ ಫುಲೆ ದಂಪತಿಗಳು ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಶಾಲೆ ಹುಟ್ಟಿತು. ಚಿತ್ರ ಹೀಗೆ ಬದಲಾಯಿತು. ಚಿತ್ರಕ್ಕೆ ತಕ್ಕ ನ್ಯಾಯ ಬರುವುದಕ್ಕೆ ಮಾತ್ರ ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು. 1860ರ ದಂಡ ಸಂಹಿತೆಯ ಪ್ರಕಾರ ಸಮ್ಮತಿ ಕೊಡಲು ಬಾಲಿಕೆಗೆ 10 ವರ್ಷವಾಗಿದ್ದರೆ ಸಾಕಿತ್ತು. 1891ರಲ್ಲಿ ಅದನ್ನು 12ಕ್ಕೆ ಏರಿಸಿದಾಗ ದೇಶದಲ್ಲಿ ಎದ್ದ ಕೋಲಾಹಲವನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಆ ಅಂಕೆ 18ಕ್ಕೆ ಮುಟ್ಟಿದ್ದು 2012ರಲ್ಲಿ.

ವಯಸ್ಸಿನ ಲೆಕ್ಕ ಸುಲಭ. ಕಷ್ಟವಾದದ್ದು ಸಮ್ಮತಿಯೆಂಬ ಪದದ ಅರ್ಥ. ಅದನ್ನು ನಮ್ಮ ದೇಶ ಕಲಿತದ್ದು ಶಾಲೆಗೆ ಸಂಬಂಧವೇ ಇಲ್ಲದ ಒಂದು ಪ್ರಕರಣದಿಂದ. 1972ರಲ್ಲಿ ಮಹಾರಾಷ್ಟ್ರದ ಒಬ್ಬ ಆದಿವಾಸಿ ಬಾಲೆಯ ಮೇಲೆ ಪೊಲೀಸು ಠಾಣೆಯೊಳಗೇ ಅತ್ಯಾಚಾರವಾಯಿತೆಂಬ ಆರೋಪ ಬಂದಿತು. (ಆಕೆಯ ಹೆಸರನ್ನು ಪುಸ್ತಕಗಳು ಸಾಕಷ್ಟು ಸಲ ಹೇಳಿವೆ, ಇಲ್ಲಿ ಬೇಡ.) ಮೊಕದ್ದಮೆ ಮೆಟ್ಟಿಲು ಮೆಟ್ಟಿಲಾಗಿ ಏರಿ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಬ್ಬರು ಪೊಲೀಸಿನವರನ್ನೂ ಬಿಡುಗಡೆ ಮಾಡಿತು. ಆಕೆಯ ಮೈಮೇಲೆ ಗಾಯವಿರಲಿಲ್ಲ, ಆಕೆ ಪ್ರತಿಭಟಿಸಿದ ಗುರುತಿರಲಿಲ್ಲ ಎಂಬುದು ಆ ತೀರ್ಪಿನ ತಿರುಳು. ಮರುವರ್ಷ ನಾಲ್ವರು ಆ ನ್ಯಾಯಾಲಯಕ್ಕೆ ಬಹಿರಂಗ ಪತ್ರವೊಂದನ್ನು ಬರೆದರು: ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್. ಮಣಿಯುವುದು ಬೇರೆ, ಒಪ್ಪುವುದು ಬೇರೆ; ಒಪ್ಪಿದವರೆಲ್ಲ ಮಣಿದಿರಬಹುದು, ಆದರೆ ಮಣಿದವರೆಲ್ಲ ಒಪ್ಪಿದರೆನ್ನಲಾಗದು ಎಂಬುದು ಆ ಪತ್ರದ ವಾದ. ಅಧಿಕಾರವಿರುವವನ ಕೋಣೆಯಲ್ಲಿ ಮೌನವನ್ನು ಸಮ್ಮತಿಯೆಂದು ಓದಬಾರದು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ಬರೆದವರು ನಾಲ್ವರೂ ಕಾನೂನಿನ ಅಧ್ಯಾಪಕರು.

ಆ ಪತ್ರದಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ದಂಡ ಸಂಹಿತೆ ತಿದ್ದುಪಡಿಯಾಯಿತು. ಅಧಿಕಾರವನ್ನು ದುರುಪಯೋಗ ಮಾಡಿಕೊಳ್ಳಬಲ್ಲವರ ಪಟ್ಟಿಯೊಂದು ಅದರಲ್ಲಿ ಸೇರಿತು. ಪೊಲೀಸು ಅಧಿಕಾರಿ, ಸರ್ಕಾರಿ ನೌಕರ, ಸೆರೆಮನೆಯ ಮೇಲ್ವಿಚಾರಕ, ಆಸ್ಪತ್ರೆಯ ಸಿಬ್ಬಂದಿ, ಇವರೆಲ್ಲ ಅಲ್ಲಿದ್ದರು. ಉಪಾಧ್ಯಾಯನೆಂಬ ಹೆಸರು ಇರಲಿಲ್ಲ. ಪಟ್ಟಿಗೆ ಕಾರಣರಾದವರು ಅಧ್ಯಾಪಕರು, ಪಟ್ಟಿಯಲ್ಲಿಲ್ಲದವನೂ ಅಧ್ಯಾಪಕ! ಕರಡು ಬರೆದವರಿಗೆ ಆ ಹೆಸರು ಹೊಳೆಯಲಿಲ್ಲವೋ, ಹೊಳೆದರೂ ಗುರುಪೀಠವನ್ನು ಸೆರೆಮನೆಯ ಪಕ್ಕದಲ್ಲಿಡಲು ಕೈ ಬರಲಿಲ್ಲವೋ. ಬಂಧು, ಪೋಷಕ, ಉಪಾಧ್ಯಾಯ ಎಂದು ಬಿಡಿಸಿ ಬರೆದದ್ದು 2013ರ ತಿದ್ದುಪಡಿಯಲ್ಲಿ, ಸರಿಯಾಗಿ 30 ವರ್ಷಗಳ ಮೇಲೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು ತನ್ನ 64ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಉಪಾಧ್ಯಾಯನಿಂದಾದ ಅತ್ಯಾಚಾರಕ್ಕೆ 10 ವರ್ಷಕ್ಕೆ ಕಡಮೆಯಿಲ್ಲದ ಕಠಿಣ ಸಜೆ. ಮೇಲ್ಮಿತಿ ಆಜೀವ ಕಾರಾವಾಸ.

18 ತುಂಬದ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆ ಇನ್ನೂ ಬಿಗಿಯಾದದ್ದು. ಅಲ್ಲಿ ಸಮ್ಮತಿಯ ಮಾತೇ ಏಳುವುದಿಲ್ಲ. ಬಾಲಕ ಬಾಲಿಕೆಯರೆಂಬ ಭೇದವೂ ಇಲ್ಲ, ತಪ್ಪು ಮಾಡಿದವರು ಗಂಡಸೋ ಹೆಂಗಸೋ ಎಂಬ ಭೇದವೂ ಇಲ್ಲ. ದುರುದ್ದೇಶದಿಂದ ಮಗುವಿನ ಮೈ ಮುಟ್ಟಿದವನು ಹೊರಗಿನವನಾದರೆ ಕನಿಷ್ಠ ಶಿಕ್ಷೆ 3 ವರ್ಷ. ಆ ಮಗು ಓದುವ ಶಾಲೆಯ ಸಿಬ್ಬಂದಿಯಾದರೆ ಅದೇ ಸ್ಪರ್ಶಕ್ಕೆ 5 ವರ್ಷ. ಸಂಭೋಗದ ಮಟ್ಟಿಗೆ ಹೋದ ಅಪರಾಧಕ್ಕೆ 2019ರ ತಿದ್ದುಪಡಿಯ ತರುವಾಯ 20 ವರ್ಷಕ್ಕೆ ಕಡಮೆಯಿಲ್ಲ. ಗುರುವಿಗೆ ಹೆಚ್ಚು ಗೌರವವೆಂದ ಮೇಲೆ ಹೆಚ್ಚು ಶಿಕ್ಷೆಯೂ ಸಲ್ಲಬೇಕಷ್ಟೆ. ಶಾಸ್ತ್ರವು ಶಿಷ್ಯನ ತಲೆಯ ಮೇಲೆ ಹೊರಿಸಿದ್ದ ಭಾರವನ್ನು ಶಾಸನವು ಇಳಿಸಿ ಗುರುವಿನ ಹೆಗಲಿಗೆ ವರ್ಗಾಯಿಸಿದೆ.

ಇಷ್ಟಾದರೂ ಕಾಯಿದೆ ಪುಸ್ತಕದಿಂದ ಊರೊಳಗೆ ಇಳಿಯುವ ಹಾದಿಯಲ್ಲಿ ಎರಡು ಹಳ್ಳಗಳಿವೆ. ಒಂದು ರಾಜಿ, ಇನ್ನೊಂದು ವರ್ಗ.

2022ರಲ್ಲಿ ರಾಜಸ್ಥಾನದ ಸರ್ಕಾರಿ ಶಾಲೆಯ ಉಪಾಧ್ಯಾಯನೊಬ್ಬನ ಮೇಲೆ ಅಪ್ರಾಪ್ತ ವಿದ್ಯಾರ್ಥಿನಿಯ ತಂದೆ ದೂರು ಕೊಟ್ಟರು. ತಿಂಗಳು ತುಂಬುವುದರೊಳಗೆ ಉಪಾಧ್ಯಾಯನಿಗೂ ತಂದೆಗೂ ರಾಜಿಯಾಯಿತು. ಅದನ್ನೊಪ್ಪಿದ ಅಲ್ಲಿಯ ಉಚ್ಚ ನ್ಯಾಯಾಲಯ ಪ್ರಕರಣವನ್ನೇ ರದ್ದು ಮಾಡಿತು. ಹುಡುಗಿಯ ಬಂಧುಗಳಲ್ಲದ ಇಬ್ಬರು, ಮನಸ್ಸು ತಡೆಯದೆ, ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 2024ರ ನವೆಂಬರಿನಲ್ಲಿ ಆ ನ್ಯಾಯಾಲಯ ರದ್ದತಿಯನ್ನೇ ರದ್ದುಪಡಿಸಿತು. ಇಂಥ ಅಪರಾಧವು ಇಬ್ಬರ ನಡುವಣ ಖಾಸಗಿ ವ್ಯಾಜ್ಯವಲ್ಲ, ಸಮಾಜದ ವಿರುದ್ಧ ನಡೆದದ್ದು. ಅದರಲ್ಲಿ ರಾಜಿಗೆ ಎಡೆಯಿಲ್ಲ ಎಂದಿತು. ರಾಜಿಪತ್ರಕ್ಕೆ ರುಜು ಹಾಕುವವರು ಯಾವಾಗಲೂ ದೊಡ್ಡವರು. ಹುಡುಗಿಯ ಪಾಲಿಗೆ ಆ ಕಾಗದದಲ್ಲಿ ಏನಿರುತ್ತದೆ?

ವರ್ಗದ ಮಾತನ್ನು ನನ್ನ ನೆನಪಿನಿಂದಲೇ ಹೇಳಬಲ್ಲೆ. ಪೋಕ್ಸೊ ಕಾಯಿದೆ ಹುಟ್ಟುವುದಕ್ಕೆ ಬಹಳ ಹಿಂದೆ, ನಾನು ಪ್ರೌಢಶಾಲೆಯಲ್ಲಿದ್ದ ದಿನಗಳು. ನಮ್ಮ ತರಗತಿಯಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ದಸರೆಯ ರಜೆ ಮುಗಿದ ಮೇಲೆ ಬರಲಿಲ್ಲ. ಗಣಿತದ ಮೇಷ್ಟರೂ ಬರಲಿಲ್ಲ; ಅವರಿಗೆ ಬೇರೆ ಊರಿಗೆ ವರ್ಗವಾಯಿತೆಂದರು. ದೊಡ್ಡವರು ಪಿಸುಗುಟ್ಟಿದ್ದು ನಮಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಒಂದು ಸೋಮವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿದ್ದು, 24 ಆಗಿದ್ದ ನನ್ನ ಸಂಖ್ಯೆ 23 ಆಯಿತು. ಅವಳಿಗೆ ಆ ಬೇಸಿಗೆಯಲ್ಲೇ ಮದುವೆ ಮಾಡಿದರೆಂದು ಆಮೇಲೆ ಕೇಳಿದೆ. ಮೇಷ್ಟರು ಮುಂದೆ ಮೂರು ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದರು. ಬೀಳ್ಕೊಡುಗೆಯ ಶಾಲು ಹಾರಗಳಿಗೆ ಹಳೆಯ ವಿದ್ಯಾರ್ಥಿಗಳಿಂದ ಚಂದಾ ಎತ್ತಿದಾಗ ನಾನೂ ಕೊಟ್ಟೆ. ಗಣಿತವನ್ನು ಚೆನ್ನಾಗಿ ಹೇಳಿಕೊಡುತ್ತಿದ್ದರು ಎಂಬ ಸಮಾಧಾನ ಅಂದು ನನಗೆ ಸಾಕಾಗಿತ್ತು.

ಇಂದಾಗಿದ್ದರೆ ನಮ್ಮ ಹೆಡ್‌ಮಾಸ್ತರು ವರ್ಗದ ಆಜ್ಞೆಯಿಂದ ಕೈ ತೊಳೆದುಕೊಳ್ಳುವಂತಿರಲಿಲ್ಲ. ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ 6 ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವನ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಶಾಲೆಯ ಮರ್ಯಾದೆ ಹೋಗುತ್ತದೆಂಬ ನೆಪ ಅಲ್ಲಿ ನಡೆಯುವುದಿಲ್ಲ. ಇಲಾಖೆಯ ವಿಚಾರಣೆಯಲ್ಲೂ ಮಗುವನ್ನು ಪಾಟೀ ಸವಾಲಿನ ಕಟಕಟೆಗೆ ಎಳೆಯಲೇಬೇಕೆಂಬ ನಿರ್ಬಂಧವಿಲ್ಲ. ನವೋದಯ ವಿದ್ಯಾಲಯದ ಉಪಾಧ್ಯಾಯನೊಬ್ಬನನ್ನು ಸಂಕ್ಷಿಪ್ತ ವಿಚಾರಣೆಯಿಂದಲೇ ಕೆಲಸದಿಂದ ತೆಗೆದದ್ದನ್ನು 1996ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿತ್ತು.

ಈ ಬಿಗಿತವೇ ಹೆಚ್ಚಾಯಿತೆನ್ನುವವರೂ ಉಂಟು. 16, 17ರ ಹುಡುಗ ಹುಡುಗಿಯರು ತಮ್ಮಲ್ಲಿ ತಾವೇ ಒಲಿದು ಮನೆ ಬಿಟ್ಟುಹೋದಾಗ ಹುಡುಗನ ಮೇಲೆ ಪೋಕ್ಸೊ ಬೀಳುತ್ತದೆ. ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ನವೆಂಬರಿನಲ್ಲಿ ಅಂಥದೊಂದು ಪ್ರಕರಣವನ್ನು ನೋಡಿ, ವಯೋಮಿತಿಯನ್ನು ಮರಳಿ ಯೋಚಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ ಮರುವರ್ಷ 18ನ್ನು ಇಳಿಸುವುದು ಬೇಡವೆಂದಿತಾದರೂ, ಅಂಥ ಎಳೆಯರಿಗೆ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲೆಂದು ಸಲಹೆ ಮಾಡಿತು. ಆ ಮಾತಿನಲ್ಲಿ ಕನಿಕರವಿದೆ, ನಾನೂ ಒಪ್ಪುತ್ತೇನೆ. ಆದರೆ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರ ಒಲವಿಗೂ, ಮೇಜಿನ ಆಚೆ ಕುಳಿತು ಅಂಕ ಹಾಕುವವನಿಗೂ ಈಚೆ ನಿಂತು ಅಂಕಕ್ಕೆ ಕಾಯುವವಳಿಗೂ ನಡುವೆ ಒಲವೆಂದು ಕರೆಯಲಾಗುವುದಕ್ಕೂ ಒಂದೇ ತಕ್ಕಡಿ ಸಲ್ಲದು.

ಕಾಲೇಜಿನ ಹೊಸ್ತಿಲು ದಾಟಿದ ಮೇಲೆ ಗೆರೆ ಅಷ್ಟು ಸ್ಪಷ್ಟವಿಲ್ಲ. ವಿದ್ಯಾರ್ಥಿನಿಗೆ 19, 20 ವರ್ಷ. ಅವಳು ಮತ ಹಾಕಬಲ್ಲಳು, ಮದುವೆಯಾಗಬಲ್ಲಳು. ಅಧಿಕಾರದ ಅಥವಾ ನಂಬಿಕೆಯ ಸ್ಥಾನದಲ್ಲಿರುವವನು ಅದನ್ನು ದುರುಪಯೋಗ ಮಾಡಿ ತನ್ನ ವಶದಲ್ಲಿರುವ ಸ್ತ್ರೀಯನ್ನು ಪುಸಲಾಯಿಸಿದರೆ, ಅದು ಅತ್ಯಾಚಾರವೆನಿಸದಿದ್ದರೂ, ನ್ಯಾಯ ಸಂಹಿತೆಯ 68ನೆಯ ಕಲಮಿನಂತೆ 5ರಿಂದ 10 ವರ್ಷ ಸಜೆ. ಈ ಕಲಮು ಸ್ತ್ರೀಯನ್ನು ಮಾತ್ರ ಹೆಸರಿಸುತ್ತದೆ. ಅದೇ ತರಗತಿಯ 19ರ ಹುಡುಗನಿಗೆ ಇಲ್ಲಿ ರಕ್ಷಣೆಯಿಲ್ಲ; ಅದೊಂದು ಕೊರತೆಯೇ ಸರಿ. ದುರುಪಯೋಗವನ್ನು ರುಜುವಾತು ಮಾಡುವುದೂ ಸುಲಭವಲ್ಲ. ಸಂಶೋಧನೆಯ ಮಾರ್ಗದರ್ಶಕ ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿಲ್ಲ. ಪ್ರಬಂಧದ ಮೇಲೆ ಅವನ ರುಜು ಬೀಳುವುದು ತಡವಾಗುತ್ತ ಹೋದರೆ ಸಾಕು.

ಆ ಕಾರಣದಿಂದಲೇ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2015ರ ನಿಯಮಗಳಲ್ಲಿ ನನಗೆ ಹಿಡಿಸಿದ್ದು ಶಿಕ್ಷೆಯ ಭಾಗವಲ್ಲ, ಒಂದು ಸಣ್ಣ ವಿಧಿ. ದೂರು ವಿಚಾರಣೆಯಲ್ಲಿರುವಷ್ಟು ಕಾಲ ಆರೋಪಿಯಾದ ಅಧ್ಯಾಪಕನು ದೂರಿತ್ತ ವಿದ್ಯಾರ್ಥಿನಿಯ ಪರೀಕ್ಷೆ, ಪ್ರಬಂಧಗಳನ್ನು ಬೆಲೆಕಟ್ಟದಂತೆ ತಡೆಯಬಹುದು. ಅಂದರೆ ಮೊದಲು ಅವನ ಕೈಯಿಂದ ಕೆಂಪು ಪೆನ್ನನ್ನು ತೆಗೆದುಕೊಳ್ಳುವುದು. ವಿಚಾರಣಾ ಸಮಿತಿಯಲ್ಲಿ ವಿದ್ಯಾರ್ಥಿಗಳೇ ಚುನಾಯಿಸಿದ ಮೂವರಿಗೆ ಸ್ಥಾನವನ್ನೂ ಆ ನಿಯಮ ಕೊಟ್ಟಿದೆ.

ಗುರುಶಿಷ್ಯರಾಗಿದ್ದವರು ಮುಂದೆ ಸತಿಪತಿಗಳಾಗಿ ಸುಖವಾಗಿ ಬಾಳಿಲ್ಲವೆ ಎಂದು ಸ್ನೇಹಿತರೊಬ್ಬರು ಕೇಳಿದರು. ಬಾಳಿದ್ದಾರೆ; ನಾನೇ ಅಂಥವರ ಮನೆಯಲ್ಲಿ ಉಂಡಿದ್ದೇನೆ. ಆ ಮಹನೀಯರು ಅವಳ ಕೊನೆಯ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬಾಯಿ ಬಿಟ್ಟಿರಲಿಲ್ಲವಂತೆ. ಆ ವರ್ಷ ಅವಳ ಉತ್ತರಪತ್ರಿಕೆಯನ್ನು ಬೇರೆ ಪರೀಕ್ಷಕರಿಗೆ ಕಳುಹಿಸಿಕೊಟ್ಟರಂತೆ. ಹಾಗೇಕೆ ಮಾಡಿದರೆಂದು ಅವಳಿಗೂ ಆಗ ತಿಳಿಯದು. ಮೇಷ್ಟರಿಗೆ ತನ್ನ ಮೇಲೆ ಏನೋ ಸಿಟ್ಟಿದೆಯೆಂದು ಇಡೀ ಬೇಸಿಗೆ ಹೆದರಿಕೊಂಡಿದ್ದಳಂತೆ.